ಮೂಗಿನ ಡಾಕ್ಟರು

ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಎಂದು ಡಾಕ್ಟರ್ ಹುಲಿಗೇಶ ಆ ಬೆಳಿಗ್ಗೆ ನಾಲ್ಕನೆಯ ಸಲ ಹೇಳುತ್ತಿದ್ದ. ತಲೆ ಹಿಂದಕ್ಕೆ ಒಗೆಯಬೇಡಿ, ತುಸು ಮುಂದಕ್ಕೆ ಬಗ್ಗಿಸಿ. ಸ್ಪ್ರೇ ಬಾಟಲಿಯ ಮೂತಿ ಮೂಗಿನ ನಡುಗೋಡೆಯ ಕಡೆ ಬೇಡ, ಆಯಾ ಬದಿಯ ಕಿವಿಯ ಕಡೆ ಇರಲಿ. ಒತ್ತಿದ ಮೇಲೆ ನಶ್ಯ ಏರಿಸಿದ ಹಾಗೆ ಜೋರಾಗಿ ಎಳೆಯಬೇಡಿ, ಎಳೆದರೆ ಔಷಧ ಗಂಟಲಿಗೆ ಹೋಗುತ್ತದೆ, ಹೊಟ್ಟೆಗೆ ಮೂಗಿನ ಔಷಧ ಯಾತಕ್ಕೆ. ಎದುರಿಗೆ ಕುಳಿತಿದ್ದವನು ಗಿಲ್ಲೆಸುಗೂರಿನ ಯಲ್ಲಾಲಿಂಗ, ರೈಸ್‌ಮಿಲ್ಲಿನ ಗುಮಾಸ್ತ, ತೌಡಿನ ಧೂಳಿಗೆ ಸೀನಿ ಸೀನಿ ಕಣ್ಣು ಕೆಂಪಾದವನು. ಎಲ್ಲದಕ್ಕೂ ತಲೆಯಾಡಿಸಿದ. ಸರಿ, ಮಾಡಿ ತೋರಿಸಿ ಎಂದರೆ ಬಾಟಲಿ ತೆಗೆದುಕೊಂಡು, ಮುಖವನ್ನು ಚಾವಣಿಗೆ ಎತ್ತಿ, ನಡುಗೋಡೆಗೇ ಹೊಡೆದು, ಸರ್ರನೆ ಎಳೆದು, ಉಗುಳು ನುಂಗಿ, ಕಹಿ ಐತ್ರಿ ಎಂದ. ಹತ್ತು ದಿನದಿಂದ ಹೊಡೆದುಕೊಳ್ಳುತ್ತಿದ್ದಾನಂತೆ, ಒಂದು ನಯಾಪೈಸೆ ಗುಣವಿಲ್ಲವಂತೆ. ಅದೇ ಮೆಡಿಕಲ್ ಅಂಗಡಿಯವನು ಕೊಡುವ ಹನಿ ಹತ್ತು ಎಣಿಸುವುದರೊಳಗೆ ಮೂಗನ್ನು ಬಾಗಿಲು ತೆಗೆದ ಹಾಗೆ ತೆಗೆಯುತ್ತದಂತೆ, ಅದನ್ನೇ ಬರೆದು ಕೊಡಬಾರದೆ ಎಂದು ಕೇಳಿದ. ಹುಲಿಗೇಶನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಹನಿ ಐದು ದಿನ, ಐದೇ ದಿನ, ಆರನೆಯ ದಿನದಿಂದ ಮೂಗು ಅದಕ್ಕೆ ಗುಲಾಮ, ಔಷಧದ ಜೋರು ಇಳಿದ ಕೂಡಲೇ ಒಳಗಿನ ಮಾಂಸ ಮೊದಲಿಗಿಂತ ದಪ್ಪಗೆ ಊದುತ್ತದೆ, ಮತ್ತೆ ಹನಿ, ಮತ್ತೆ ಊತ, ಬಾಳೆಲ್ಲ ಅದೇ ಆಗುತ್ತದೆ, ಸ್ಪ್ರೇ ಹಾಗಲ್ಲ, ಅದು ನಿಧಾನ, ಎರಡು ವಾರವಾದರೂ ತಾಳ್ಮೆಯಿಂದ ಹಾಕಿದವನಿಗೆ ಮಾತ್ರ ಒಲಿಯುತ್ತದೆ, ಹನಿಯನ್ನು ವರ್ಷಗಟ್ಟಲೆ ಹಾಕಿಕೊಂಡು ಕುಳಿತ ಮೂರ್ಖರನ್ನು ತಾನು ನೋಡಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಎಷ್ಟು ವರ್ಷ ಹಾಕ್ತಾರ್ರಿ ಎಂದು ಯಲ್ಲಾಲಿಂಗ ಪಾಪ, ತಿಳಿದುಕೊಳ್ಳಲೆಂದೇ ಕೇಳಿದ. ಹನ್ನೊಂದು ವರ್ಷ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಹುಲಿಗೇಶನ ಎಡಗೈ ಪ್ಯಾಂಟಿನ ಜೇಬಿನೊಳಗೆ ಅದೇ ಹನಿಯ ಪುಟ್ಟ ಬಾಟಲಿಯನ್ನು ಹಿಡಿದುಕೊಂಡಿತ್ತು. ಮುಂದಿನವರನ್ನು ಕಳಿಸಿ ಎಂದು ಗಂಟೆ ಒತ್ತಿದ.

ಬಾಗಿಲು ತೆರೆದಾಗಲೆಲ್ಲ ಹೊರಗಿನ ಬೆಂಚು ಕಾಣುತ್ತಿತ್ತು. ಬೆಂಚಿನ ನಡುವೆ ಕಲ್ಯಾಣಿ, ಅವಳ ಪಕ್ಕದಲ್ಲಿ ತಾಯಿ ಪಾರ್ವತೆಮ್ಮ, ದೇವದುರ್ಗದಿಂದ ಮೊದಲ ಬಸ್ಸಿಗೆ ರಾಯಚೂರಿಗೆ ಬಂದಿದ್ದರು. ಅವರ ಎಡಕ್ಕೆ ಇಬ್ಬರು ಕೂರುವಷ್ಟು ಜಾಗ, ಬಲಕ್ಕೆ ಇಬ್ಬರು ಕೂರುವಷ್ಟು ಜಾಗ ಖಾಲಿ. ಐದಾರು ಜನ ಗೋಡೆಗೆ ಒರಗಿ ನಿಂತಿದ್ದರು, ಒಬ್ಬ ಬಸುರಿ ಹೆಂಗಸೂ ನಿಂತಿದ್ದಳು. ಹುಲಿಗೇಶ ವಾಸನೆಯನ್ನು ತಿಳಿದುಕೊಳ್ಳುತ್ತಿದ್ದದ್ದು ಹೀಗೆ, ಕಣ್ಣಿನಿಂದ. ಯಾರು ಎಲ್ಲಿ ಕುಳಿತಿದ್ದಾರೆ, ಯಾರು ಕರವಸ್ತ್ರ ತೆಗೆದರು, ನರ್ಸ್ ಶಿವಬಸಮ್ಮ ಮಾಸ್ಕನ್ನು ಗದ್ದದಿಂದ ಮೂಗಿಗೆ ಯಾವಾಗ ಏರಿಸಿದಳು ಎಂದು ನೋಡಿ. ಕಲ್ಯಾಣಿಯನ್ನು ಗಂಡನ ಮನೆಯವರು ಮತ್ತೆ ತವರಿಗೆ ಕಳಿಸಿದ್ದಾರೆ ಎಂದು ಪಾರ್ವತೆಮ್ಮ ಶನಿವಾರವೇ ಶಿವಬಸಮ್ಮನಿಗೆ ಫೋನು ಮಾಡಿದ್ದಳು, ಶಿವಬಸಮ್ಮ ಅದನ್ನು ಮುಖ ಬೇರೆ ಕಡೆ ತಿರುಗಿಸಿಕೊಂಡು ಹೇಳಿದ್ದಳು. ಇವತ್ತು ಅವರ ಚೀಟಿಯ ನಂಬರು ಮೂರು. ಈಗ ಒಳಗೆ ಬರುತ್ತಿದ್ದವನದು ಹನ್ನೊಂದು. ಅವರದು ನಿಧಾನವಾಗಿ ನೋಡಬೇಕು, ಕೊನೆಗಿರಲಿ ಎಂದು ಅವನೇ ಹೇಳಿದ್ದ. ನಿಧಾನವಾಗಿ ನೋಡುವುದು ಎಂಬ ಮಾತು ತನಗೇ ಚಂದ ಕೇಳಿಸಿತ್ತು.

ಹದಿಮೂರನೆಯವನು ಹೋದ ಮೇಲೆ ಮೂಗು ಪೂರ್ತಿ ಕಟ್ಟಿತು. ಎರಡೂ ಹೊಳ್ಳೆ ಕಟ್ಟಿದಾಗ ಅವನಿಗೆ ಕುಳಿತ ಕುರ್ಚಿ, ಎದುರಿನ ಗೋಡೆ, ಹಾಕಿಕೊಂಡ ಅಂಗಿ ಎಲ್ಲ ಇಕ್ಕಟ್ಟಾಗುತ್ತಿತ್ತು. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ, ನಲ್ಲಿ ಬಿಟ್ಟು, ತಲೆ ಹಿಂದಕ್ಕೆ ಒಗೆದು ಎರಡೆರಡು ಹನಿ ಬಿಟ್ಟುಕೊಂಡ. ಯಲ್ಲಾಲಿಂಗನ ಹಾಗೆಯೇ ಸರ್ರನೆ ಎಳೆದ. ಪಿಜಿ ಓದುವಾಗ, ಪರೀಕ್ಷೆಯ ಮುಂಚಿನ ರಾತ್ರಿ ನೆಗಡಿಯೆಂದು ಶುರುವಾದದ್ದು ಅದು. ಬಿಡಲು ಮೂರು ಸಲ ನೋಡಿದ್ದ. ಸ್ಪ್ರೇ ಶುರು ಮಾಡಿ, ಮೊದಲು ಒಂದು ಹೊಳ್ಳೆಯ ಹನಿ ನಿಲ್ಲಿಸಿ, ಆಮೇಲೆ ಇನ್ನೊಂದು ಎಂದು ರೋಗಿಗಳಿಗೆ ಹೇಳುವ ಹಾಗೆಯೇ. ಕೊನೆಯ ಸಲ, ಆರನೆಯ ದಿನ ಹೆಂಡತಿ ಶಶಿಕಲಾ, ಯಾಕ್ರಿ ಹಿಂಗ ಬಾಯಿ ತಕ್ಕೊಂಡು ಮಲಗ್ತೀರಿ ಎಂದು ಕೇಳಿದ್ದೇ ನೆಪವಾಗಿ ಮತ್ತೆ ಅದಕ್ಕೇ ಜೋತುಬಿದ್ದಿದ್ದ. ಹನಿಯ ಗುಲಾಮನಾದರೂ ಉಸಿರಾಡಬಹುದು. ಕೊರೋನಾದ ಎರಡನೆಯ ಸುತ್ತಿನಲ್ಲಿ ಡ್ಯೂಟಿ ಮಾಡಿ, ತಾನೂ ಕಾಯಿಲೆ ಬಿದ್ದು ಎದ್ದಾಗ ವಾಸನೆ ಹೋದದ್ದು ಬೇರೆ. ಚಹಾ ಬರೀ ಬಿಸಿ ನೀರಾಗಿತ್ತು. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ತಿಂಗಳೊಳಗೆ ಬಂತು, ಅವನಿಗೆ ಬರಲಿಲ್ಲ. ಗುಲಾಬಿ, ಲವಂಗ, ನಿಂಬೆ, ನೀಲಗಿರಿ ಎಣ್ಣೆ ಎಂದು ನಾಲ್ಕು ಸೀಸೆ ಇಟ್ಟುಕೊಂಡು ದಿನಾ ಎರಡು ಹೊತ್ತು ಮೂಸಿ ಮೂಗಿಗೆ ಪಾಠ ಹೇಳಿದ, ಮೂಗು ಕಲಿಯಲಿಲ್ಲ. ಹನಿ ಕೆಡಿಸಿತೋ ರೋಗ ಕೆಡಿಸಿತೋ ಎಂದು ಗೆಳೆಯ ಡಾಕ್ಟರಿಗೆ ತೋರಿಸಿದ್ದರೆ ತಿಳಿಯುತ್ತಿತ್ತು. ತೋರಿಸಿದರೆ ಊರಿಗೆಲ್ಲ ತಿಳಿಯುತ್ತಿತ್ತು. ಮನೆಯಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆ ಕಪ್ಪಾಗುವವರೆಗೆ ಅದರ ಪಕ್ಕದಲ್ಲೇ ಪೇಪರು ಓದುತ್ತ ಕುಳಿತಿದ್ದು ಕಂಡು ಶಶಿಕಲಾ ಓಡಿ ಬಂದಾಗ, ಏನೋ ಯೋಚನೆಯಲ್ಲಿದ್ದೆ ಎಂದಿದ್ದ. ಮೂಗಿನ ಡಾಕ್ಟರಿಗೆ ವಾಸನೆ ಬರುವುದಿಲ್ಲ ಎಂದರೆ ನಗೆಪಾಟಲು. ನಲ್ಲಿ ನಿಲ್ಲಿಸಿ ಮುಖ ಒರೆಸಿಕೊಂಡ. ಹೊಳ್ಳೆಗಳು ತೆರೆದುಕೊಂಡವು, ಗಾಳಿ ತಣ್ಣಗೆ ಒಳಗೆ ಹೋಯಿತು, ಅದರಲ್ಲಿ ಏನೂ ಇರಲಿಲ್ಲ.

ಕಲ್ಯಾಣಿಯದು ಹೊಸ ಕಾಯಿಲೆಯೇನಲ್ಲ. ಮೂಗಿನ ಒಳಪೊರೆ ಒಣಗಿ, ಸೊರಗಿ, ಒಳಗೆ ಬಯಲಾಗುವುದು, ಬಯಲಲ್ಲಿ ಹಸಿರು ಹಕ್ಕಳೆ ಕಟ್ಟುವುದು, ಹಕ್ಕಳೆ ಕೊಳೆತು ನಾರುವುದು. ಮೂಗಿನಲ್ಲಿ ಬೇಕಾದಷ್ಟು ಜಾಗವಿದ್ದರೂ ರೋಗಿ ಮೂಗು ಕಟ್ಟಿದೆ ಎನ್ನುತ್ತಾಳೆ. ನಾರುವುದು ಅವಳಿಗೆ ತಿಳಿಯುವುದಿಲ್ಲ, ಮಿಕ್ಕವರಿಗೆಲ್ಲ ತಿಳಿಯುತ್ತದೆ. ಇದನ್ನು ರೋಗಿಯ ಮೇಲಿನ ದಯೆ ಎಂದು ಕ್ಲಾಸಿನಲ್ಲಿ ಕಲಿಸಿದ್ದರು, ಯಾವ ಪುಣ್ಯಾತ್ಮ ಇಟ್ಟ ಹೆಸರೋ. ಮೊದಲ ಸಲ ತೋರಿಸಲು ಬಂದಾಗ ಮದುವೆಯಾಗಿ ಏಳು ತಿಂಗಳಾಗಿತ್ತು. ಗಂಡ ನಾಗೇಶ ಮಾನ್ವಿಯಲ್ಲಿ ಲೈನ್‌ಮನ್, ಮಾವ ಪಕೀರಪ್ಪ ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತರಾದವರು. ಗುಣವಾಗುವತನಕ ತವರಿನಲ್ಲಿ ಇರಲಿ ಎಂದು ಕಳಿಸಿದ್ದರು. ಹುಲಿಗೇಶ ಬೆಚ್ಚಗಿನ ನೀರಿಗೆ ಸೋಡಾ, ಬಿಳಿಗಾರ, ಉಪ್ಪು ಬೆರೆಸಿ ದಿನಕ್ಕೆರಡು ಸಲ ತೊಳೆದುಕೊಳ್ಳಲು ಹೇಳಿದ್ದ, ತೊಳೆದ ಮೇಲೆ ಗ್ಲಿಸರಿನ್ನಿನಲ್ಲಿ ಗ್ಲೂಕೋಸ್ ಕಲಸಿದ ಹನಿ, ಒಣಗದ ಹಾಗೆ, ರೋಗಾಣು ಬೆಳೆಯದ ಹಾಗೆ. ಪುಡಿಯ ಪೊಟ್ಟಣಗಳನ್ನು ಶಿವಬಸಮ್ಮನೇ ಕಟ್ಟಿ ಕೊಡುತ್ತಿದ್ದಳು. ಮೂರು ತಿಂಗಳು ಆ ಹುಡುಗಿ ಒಂದು ಹೊತ್ತೂ ತಪ್ಪಿಸಲಿಲ್ಲ. ಅಷ್ಟು ಶ್ರದ್ಧೆಯ ರೋಗಿಯನ್ನು ಅವನು ನೋಡಿರಲಿಲ್ಲ.

ಕಳೆದ ತಿಂಗಳು ಮಾನ್ವಿಯಲ್ಲಿ ಆದದ್ದು ನೆನಪಾದರೆ ಕುಳಿತಲ್ಲೇ ಮೈ ಹಿಡಿಯಾಗುತ್ತದೆ. ಪ್ರತಿ ಗುರುವಾರ ಅವನು ಮಾನ್ವಿಗೆ ಹೋಗಿ ಬಸ್‌ಸ್ಟ್ಯಾಂಡಿನ ಎದುರಿನ ಒಂದು ಮೆಡಿಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡುತ್ತಾನೆ. ಶಿವಬಸಮ್ಮ ಬರುವುದಿಲ್ಲ, ಮೂಗಿನೊಳಗೆ ಬಿಟ್ಟು ನೋಡುವ ಕೊಳವೆಯ ಕ್ಯಾಮೆರಾವೂ ರಾಯಚೂರಿನಲ್ಲೇ ಉಳಿಯುತ್ತದೆ. ಅಂದು ಗುಣವಾಗಿದೆಯೇ ಎಂದು ತೋರಿಸಲು ಕಲ್ಯಾಣಿಯನ್ನು ತವರಿನಿಂದ ಮಾವ, ಗಂಡ ಇಬ್ಬರೂ ಕರೆದುಕೊಂಡು ಬಂದಿದ್ದರು. ಹಣೆಯ ದೀಪ ಹಚ್ಚಿ ಚಿಮಟದಿಂದ ಹೊಳ್ಳೆ ಅಗಲಿಸಿ ನೋಡಿದ. ಮುಂದೆಲ್ಲ ಸ್ವಚ್ಛ, ಕೆಂಪಗೆ, ಹಸಿಯಾಗಿ ಇತ್ತು. ಆಮೇಲೆ, ಯಾರೂ ಕೇಳದಿದ್ದರೂ, ಬಗ್ಗಿ ಎರಡೂ ಹೊಳ್ಳೆಯ ಹತ್ತಿರ ಮೂಗು ಒಯ್ದು ಎಲ್ಲರಿಗೂ ಕೇಳುವ ಹಾಗೆ ಮೂಸಿ, ಏನೂ ಇಲ್ಲ, ಎಂದ. ನಾಗೇಶ ಬಹಳ ಮೆಲ್ಲಗೆ, ಇನ್ನೂ ಬರ್ತದ್ರಿ ಸರ, ಎಂದ. ಆ ಮೆಲುದನಿಯೇ ಹುಲಿಗೇಶನನ್ನು ಕೆಣಕಿತು. ತಾನು ಓದಿದ ದೇವದುರ್ಗದ ಶಾಲೆಯಲ್ಲಿ ಮೇಷ್ಟ್ರು ಕೂಡ ತನಗೆ ಹೀಗೆ ಮೆಲ್ಲಗೇ ಹೇಳಿದ್ದರು, ನೀ ಕಿಟಕಿ ಹತ್ತಿರ ಕುಂದ್ರಪ್ಪ, ಗಾಳಿ ಆಡ್ಲಿ. ಪಕ್ಕದ ಹುಡುಗ ಎರಡು ಬೆರಳಿನಿಂದ ಮೂಗು ಹಿಡಿದು ತೋರಿಸಿದ್ದ. ಅವ್ವ ಕೂಲಿಯಿಂದ ಬಂದು ಇದ್ದ ಒಂದೇ ಅಂಗಿಯನ್ನು ಎರಡೆರಡು ಸಲ ಸಬಕಾರ ಹಚ್ಚಿ ಒಗೆಯುತ್ತಿದ್ದಳು. ಹೊಲದ ಬದುವಿನ ಮೇಲೆ ಒಬ್ಬನೇ ಕುಳಿತು ತನ್ನ ತೋಳು, ತನ್ನ ಅಂಗಿಯ ಕೊರಳು, ತನ್ನ ಅಂಗೈ ಎಲ್ಲವನ್ನೂ ಮೂಸಿ ನೋಡಿಕೊಂಡಿದ್ದ, ಸಬಕಾರದ ವಾಸನೆ ಬಿಟ್ಟು ಏನೂ ಇರಲಿಲ್ಲ. ಇಲ್ಲದ ವಾಸನೆಯನ್ನು ಜನ ಮನುಷ್ಯನ ಮೈಗೆ ಹಚ್ಚುತ್ತಾರೆ ಎಂಬುದು ಅವನಿಗೆ ಎಂಟನೆಯ ವಯಸ್ಸಿಗೇ ತಿಳಿದಿತ್ತು. ಅದೇ ತಿಳಿವಳಿಕೆ ಅಂದು ಬಾಯಿಗೆ ಬಂದದ್ದನ್ನೆಲ್ಲ ಆಡಿಸಿತು.

"ವಾಸನಿ ಆಕಿ ಮೂಗಿನ್ಯಾಗ ಇಲ್ಲ, ನಿಮ್ಮ ತಲ್ಯಾಗ ಅದ," ಎಂದಿದ್ದ. "ನಾರ್ತಾರಂತ ನಮ್ಮನ್ನ ದೂರ ಕೂಡ್ಸಿದವರ ಬುದ್ಧಿ ನಮ್ಮ ಮಂದಿಗೇ ಬಂತಲ್ರಿ. ನಿಮ್ಮಂಥ ಹಿರ್ಯಾರಿಗಿ ನಾಚ್ಕಿ ಬರಬೇಕು."

ಪಕೀರಪ್ಪ ತಲೆ ತಗ್ಗಿಸಿದ್ದರು. ಎಷ್ಟೋ ಸಭೆಗಳಲ್ಲಿ ಇದೇ ಮಾತನ್ನು ಬೇರೆಯವರಿಗೆ ಹೇಳಿದವರು ಅವರು. ತಪ್ಪಾತ್ರಿ ಡಾಕ್ಟರ, ಎಂದು ಕೈಮುಗಿದು ಸೊಸೆಯನ್ನು ಮನೆಗೆ ಕರೆದುಕೊಂಡು ಹೋದರು. ಇನ್ನು ತೊಳೆಯುವುದು ಬೇಡ, ದಿನಕ್ಕೊಮ್ಮೆ ಹನಿ ಸಾಕು ಎಂದೂ ಹುಲಿಗೇಶ ಹೇಳಿ ಕಳಿಸಿದ. ಹಿಂದೆ, ಮೂಗು ಗಂಟಲಿಗೆ ಸೇರುವ ಮೂಲೆಯಲ್ಲಿ, ಕ್ಯಾಮೆರಾ ಇಲ್ಲದೆ ಕಾಣದ ಜಾಗದಲ್ಲಿ ಏನಿದೆ ಎಂದು ನೋಡಿರಲಿಲ್ಲ. ರಾಯಚೂರಿಗೆ ಬನ್ನಿ, ಒಳಗೆ ನೋಡಿ ಹೇಳುತ್ತೇನೆ ಎಂಬ ಒಂದು ಮಾತು ಸಾಕಿತ್ತು. ಅಂದು ಸಂಜೆ ಕಾರು ಓಡಿಸಿಕೊಂಡು ಬರುವಾಗ ಹಾಡು ಗುನುಗಿದ್ದ. ತಾನು ಯಾರನ್ನೋ ಗೆದ್ದು ಬಂದೆ ಅನ್ನಿಸಿತ್ತು.

ಕೊನೆಗೆ ಬೆಂಚಿನಲ್ಲಿ ಬೇರೆ ಯಾರೂ ಉಳಿಯಲಿಲ್ಲ. ಶಿವಬಸಮ್ಮ ಒಳಗೆ ಬಂದು, ಇನ್ನ ಅವರೇ ಇರೋದ್ರಿ, ಎಂದು ಮಾಸ್ಕು ಏರಿಸಿಕೊಂಡಳು. ಬಂದ ತಾಯಿ ಮಗಳಿಬ್ಬರ ಮುಖದಲ್ಲಿ ಜಗಳವಿರಲಿಲ್ಲ. ಅದು ಅವನನ್ನು ಇನ್ನಷ್ಟು ಕಂಗೆಡಿಸಿತು, ಬೈಯುತ್ತಾರೆಂದು ಬೆಳಿಗ್ಗೆಯಿಂದ ಉತ್ತರ ಹೊಂದಿಸಿಕೊಂಡು ಕುಳಿತಿದ್ದ. ಪಾರ್ವತೆಮ್ಮ, ಏನೂ ಇಲ್ರಿ ಸಾಹೇಬ್ರ, ಮಗ್ಗಲ್ದಾಗ ಮಲಗ್ತೀನಿ, ನಂಗೇನೂ ಬರಂಗಿಲ್ಲ, ಅವರೇ ಸುಮ್ನ ಅಂತಾರ ಎಂದು ಶುರು ಮಾಡಿದಳು. ಕಲ್ಯಾಣಿ ತಾಯಿಯ ಮೊಣಕಾಲು ಒತ್ತಿ ಸುಮ್ಮನಿರಿಸಿದಳು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಕೇಳಿದ್ದಕ್ಕಷ್ಟೇ ಹೇಳುವ ಹಾಗೆ ಹೇಳಿದಳು. ನಾದಿನಿಯ ಮಗುವಿಗೆ ಹೆಸರಿಡುವ ದಿನ. ಮನೆ ತುಂಬ ಹೆಂಗಸರು. ಅವಳೇ ಎಲ್ಲರಿಗೂ ನೀಡಿದಳು, ಎಲ್ಲರ ಕಿವಿಯ ಹತ್ತಿರ ಬಗ್ಗಿ ಇನ್ನೊಂದು ಹೋಳಿಗೆ ಹಾಕ್ಲೇನು ಎಂದು ಕೇಳಿದಳು, ಮಗುವನ್ನು ಎತ್ತಿಕೊಂಡು ಮುದ್ದು ಮಾಡಿದಳು. ಮಗುವಿಗೆ ಹಾಲು ಕುಡಿಸಬೇಕು ಎಂದು ನಾದಿನಿ ತೆಗೆದುಕೊಂಡಳು. ಹೆಂಗಸರು ತಟ್ಟೆ ಹಿಡಿದು ಒಬ್ಬೊಬ್ಬರಾಗಿ ಅಂಗಳಕ್ಕೆ ಎದ್ದು ಹೋದರು. ಆಗಲೂ ಅವಳಿಗೆ ತಿಳಿಯಲಿಲ್ಲ, ಸೆಖೆಗೆ ಹೋಗುತ್ತಿದ್ದಾರೆ ಎಂದುಕೊಂಡಳು. ಯಾರೋ ಒಬ್ಬಳು ಮೂಗಿಗೆ ಸೆರಗು ಹಿಡಿದಾಗ ಕಲ್ಯಾಣಿಯೇ, ಡಾಕ್ಟರು ಸ್ವತಃ ಮೂಸಿ ನೋಡ್ಯಾರ, ಏನೂ ಇಲ್ಲಂದಾರ, ಎಂದು ಹೇಳಿದಳಂತೆ. ಆ ಡಾಕ್ಟರಿಗಿ ನೆಗಡಿ ಆಗಿರಬೇಕು ತಗಿ, ಎಂದಳಂತೆ ಒಬ್ಬ ಮುದುಕಿ. ಎಲ್ಲರೂ ನಕ್ಕರು. ತಾನೂ ನಕ್ಕೆ ಎಂದಳು ಕಲ್ಯಾಣಿ.

ಮರುದಿನ ಮಾವ ತಾವೇ ದೇವದುರ್ಗದ ಬಸ್ಸಿಗೆ ಹತ್ತಿಸಿಕೊಂಡು ಬಂದರು. ಬಸ್ಸು ಖಾಲಿ ಇದ್ದರೂ ಅವಳ ಪಕ್ಕದಲ್ಲೇ ಕುಳಿತರು, ಇಳಿಯುವವರೆಗೆ ಕಿಟಕಿಯಿಂದ ಮುಖ ತೆಗೆಯಲಿಲ್ಲ.

"ಮೊದ್ಲ ನಾ ಹುಷಾರಿ ಇರ್ತಿದ್ದೆರಿ," ಎಂದಳು. "ಬಾಗ್ಲದ ಹೊರಗ ಕುಂದರ್ತಿದ್ದೆ, ಸೆರಗ ಹಿಡ್ಕೊಂಡು ಮಾತಾಡ್ತಿದ್ದೆ. ಯಾರಿಗೂ ತ್ರಾಸ ಇರಲಿಲ್ಲ. ನೀವು ಹೇಳಿದ್ರಿ ಅಂತ ನಟ್ಟನಡುವ ಹೋಗಿ ಕುಂತೆ."

ಹುಲಿಗೇಶ ಎದ್ದು ಔಷಧದಲ್ಲಿ ನೆನೆಸಿದ ತೆಳುಬಟ್ಟೆಯ ಪಟ್ಟಿಯನ್ನು ಅವಳ ಮೂಗಿನೊಳಗೆ ಪದರ ಪದರವಾಗಿ ಇಟ್ಟ. ಮೂಗು ಮರಗಟ್ಟುವವರೆಗೆ ಹತ್ತು ನಿಮಿಷ ಕಾದ. ಆಮೇಲೆ ಪಟ್ಟಿ ತೆಗೆದು ಕ್ಯಾಮೆರಾದ ಕೊಳವೆಯನ್ನು ಒಳಗೆ ಬಿಟ್ಟ. ಮುಂದೆ ಸ್ವಚ್ಛ. ನಡುವೆ ಸ್ವಚ್ಛ. ಹಿಂದಿನ ಮೂಲೆಯಲ್ಲಿ, ಚಾವಣಿಗೆ ಅಂಟಿಕೊಂಡು, ಹಸಿರು ಕಪ್ಪು ಹಕ್ಕಳೆ ದಪ್ಪಗೆ ಕುಳಿತಿತ್ತು, ಇವತ್ತಿನದಲ್ಲ, ನಿನ್ನೆಯದಲ್ಲ. ತೆರೆಯ ಮೇಲೆ ಅದನ್ನು ನೋಡುತ್ತಿದ್ದಂತೆ ಅವನ ತಲೆಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ಈ ಕಾಯಿಲೆ ತಿರುಗಿ ಬರುತ್ತದೆ. ಪುಸ್ತಕದಲ್ಲೇ ಇದೆ. ಯಾವ ಡಾಕ್ಟರನ್ನು ಕೇಳಿದರೂ ಹೌದು ಎನ್ನುತ್ತಾರೆ, ಅದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಕೈಗವಸು ತೆಗೆಯುತ್ತ ಅದನ್ನೇ ಹೇಳಿದ, ಇದು ಹೋಗಿ ತಿರುಗಿ ಬರೂ ಕಾಯಿಲಿ ಅದವ್ವಾ, ಎಂದು. ಮಾತು ಸಲೀಸಾಗಿ ಬಂತು. ಪಾರ್ವತೆಮ್ಮನ ಮುಖ ಅರಳಿತು, ಹಂಗಂದ್ರ ಅವತ್ತು ಇರಲಿಲ್ಲ, ನೋಡು ನಾ ಹೇಳಿಲ್ಲೇನು ಎಂದು ಮಗಳ ಕಡೆ ತಿರುಗಿದಳು. ಕಲ್ಯಾಣಿ ಮಾತ್ರ ಬೆರಳು ಮಡಿಸುತ್ತ ದಿನ ಎಣಿಸಿದಳು.

"ಹೆಸರಿಡೂ ದಿನ ಕೆಲಸದಾಗ ಹನಿ ಹಾಕ್ಕೊಳ್ಳಿಲ್ರಿ," ಎಂದಳು. "ಒಂದ ದಿನ. ಅದಕ್ಕ ತಿರುಗಿ ಬಂತೇನ್ರಿ? ನಂದ ತಪ್ಪೇನ್ರಿ?"

ಹೌದು ಎಂದರೂ ನಡೆಯುತ್ತಿತ್ತು. ಹೌದು ಎನ್ನದೆ ಸುಮ್ಮನೆ ಚೀಟಿ ಬರೆದರೂ ನಡೆಯುತ್ತಿತ್ತು, ಅವಳು ತನ್ನ ತಪ್ಪೆಂದೇ ತಿಳಿದುಕೊಂಡು ಎದ್ದು ಹೋಗಿ, ಇನ್ನು ಮೇಲೆ ನಾಲ್ಕು ಹೊತ್ತು ತೊಳೆದುಕೊಳ್ಳುತ್ತಿದ್ದಳು. ಶಿವಬಸಮ್ಮ ತಟ್ಟೆಯಲ್ಲಿ ಸಲಕರಣೆ ಜೋಡಿಸುತ್ತ ಅವನ ಕಡೆ ನೋಡಿದಳು. ಆಗ ಅವನಿಗೆ ಹೊಳೆಯಿತು. ಕೀವು ತುಂಬಿದ ಕಿವಿ ಬಂದಾಗ, ಮಗುವಿನ ಮೂಗಿನಲ್ಲಿ ಹುಣಸೆಬೀಜ ಸಿಕ್ಕಿ ಕೊಳೆತಾಗ, ಯಾರೂ ಕೇಳದಿದ್ದರೂ ಇವಳು ತನ್ನಷ್ಟಕ್ಕೇ, ಭಾಳ ವಾಸನಿ ಅದ ನೋಡ್ರಿ, ಎನ್ನುತ್ತಿದ್ದಳು. ನಾಲ್ಕು ವರ್ಷದಿಂದ ಅವನಿಗಾಗಿ ಮೂಸುತ್ತಿದ್ದವಳು ಇವಳೇ. ಇವಳಿಗೆ ಗೊತ್ತಿತ್ತು, ಇವಳು ಮಾನ ಉಳಿಸಿದ್ದಳು. ಮಾನ್ವಿಗೆ ಮಾತ್ರ ಇವಳು ಬಂದಿರಲಿಲ್ಲ.

"ನಿಂದಲ್ಲವ್ವಾ ತಪ್ಪು," ಎಂದ. ದನಿ ತನ್ನದಲ್ಲ ಅನ್ನಿಸಿತು. "ಅದು ಹೋಗೇ ಇರಲಿಲ್ಲ. ನಂಗ ವಾಸನಿ ತಿಳಿಯಂಗಿಲ್ಲ. ಕೊರೋನಾ ಬಂದಾಗಿಂದ."

"ಅವತ್ತ ಮೂಸಿ ನೋಡಿದ್ರಲ್ರಿ."

"ನೋಡಿದೆ. ಏನೂ ತಿಳೀಲಿಲ್ಲ. ತಿಳೀತು ಅಂತ ಸುಳ್ಳ ಹೇಳಿದೆ."

ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಎಲ್ಲೋ ಒಂದು ಆಸೆಯಿತ್ತು, ಆಗಲಿಲ್ಲ. ನಾಳೆ ದೇವದುರ್ಗದ ಬಸ್ಸಿನಲ್ಲಿ, ನಾಡಿದ್ದು ಮಾನ್ವಿಯ ಮೆಡಿಕಲ್ ಅಂಗಡಿಯಲ್ಲಿ ಈ ಮಾತು ಇರುತ್ತದೆ, ಜನ ಬಾಯಿ ಚಪ್ಪರಿಸಿಕೊಂಡು ಹೇಳುತ್ತಾರೆ, ಹೇಳಲಿ. ಗುರುವಾರ ಪಕೀರಪ್ಪನವರ ಮನೆಗೆ ಹೋಗಿ, ತಪ್ಪು ನಿಮ್ಮದಲ್ಲ ನನ್ನದು ಎನ್ನಬೇಕು, ಆ ಮನುಷ್ಯ ಮತ್ತೆ ಕೈಮುಗಿದರೆ ಎಲ್ಲಿ ಮುಖ ಇಟ್ಟುಕೊಳ್ಳುವುದು. ಪಾರ್ವತೆಮ್ಮ ಬಾಯಿ ತೆರೆದುಕೊಂಡು ಕುಳಿತಿದ್ದಳು. ಕಲ್ಯಾಣಿ ಬೈಯಲಿಲ್ಲ. ಅವಳು ಅವನನ್ನು ನೋಡುತ್ತಲೂ ಇರಲಿಲ್ಲ, ನೆಲ ನೋಡುತ್ತ ಏನನ್ನೋ ಲೆಕ್ಕ ಹಾಕುತ್ತಿದ್ದಳು.

"ಅವ್ವ ಇಲ್ಲಂತಾಳ," ಎಂದಳು. "ನೀವು ಇಲ್ಲಂದ್ರಿ. ಆ ಮನ್ಯಾಗ ಯಾರೂ ಬಾಯಿ ಬಿಟ್ಟು ಅನ್ನಂಗಿಲ್ಲ, ಎದ್ದು ಹೋಗ್ತಾರ. ನಂಗಂತೂ ತಿಳಿಯಂಗಿಲ್ಲ. ಖರೇ ಯಾರು ಹೇಳಬೇಕ್ರಿ ನಂಗ?" ಆಮೇಲೆ ಶಿವಬಸಮ್ಮನ ಕಡೆ ತಿರುಗಿದಳು. "ಅಕ್ಕಾರ, ನೀವ ಹೇಳ್ರಿ."

ಶಿವಬಸಮ್ಮ ಡಾಕ್ಟರ ಮುಖ ನೋಡಿದಳು. ಹುಲಿಗೇಶ ತಲೆಯಾಡಿಸಿದ. ಅವಳು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ಮಾಸ್ಕನ್ನು ಪೂರ್ತಿ ತೆಗೆದು ಜೇಬಿಗೆ ಹಾಕಿಕೊಂಡು, ಕಲ್ಯಾಣಿಯ ಎದುರಿಗೆ ಬಂದು ನಿಂತು ಸೆರಗು ಸರಿಸಲು ಹೇಳಿದಳು. ಬಗ್ಗಿದಳು. ಅವಳ ಹುಬ್ಬು ಗಂಟಿಕ್ಕಿತು, ಆದರೂ ಮುಖ ತಿರುಗಿಸಲಿಲ್ಲ.

"ಬರ್ತದವ್ವಾ," ಎಂದಳು.

ಪಾರ್ವತೆಮ್ಮ ಅಳತೊಡಗಿದಳು. ಕಲ್ಯಾಣಿ ಅಳಲಿಲ್ಲ. ಎಷ್ಟು ದೂರ ಬರ್ತದ್ರಿ, ಎಂದು ಕೇಳಿದಳು. ಶಿವಬಸಮ್ಮನಿಗೆ ಆ ಪ್ರಶ್ನೆ ಯಾರೂ ಹಿಂದೆ ಕೇಳಿರಲಿಲ್ಲ, ಹುಲಿಗೇಶನಿಗೂ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಬಾಯಿ ತೆಗೆದು ಉಸಿರು ಬಿಡು ಎಂದಳು ಶಿವಬಸಮ್ಮ, ಮತ್ತು ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತು ಉಸಿರೆಳೆದು, ಇಲ್ಲಿ ಅದ, ಎಂದಳು. ಎರಡನೆಯ ಹೆಜ್ಜೆ. ಇಲ್ಲೂ ಅದ. ಮೂರನೆಯ ಹೆಜ್ಜೆಗೆ ಕೈತೊಳೆಯುವ ಬೇಸಿನ್ನಿನ ಹತ್ತಿರ ಬಂದಿದ್ದಳು, ಕಣ್ಣು ಮುಚ್ಚಿ ನಿಂತು, ತುಸು ಅದ, ಎಂದಳು. ನಾಲ್ಕನೆಯದಕ್ಕೆ ಬಹಳ ಹೊತ್ತು ನಿಂತಳು. ಇನ್ನೊಮ್ಮೆ ಎಳೆದು ನೋಡಿದಳು. ಇಲ್ಲಿ ಇಲ್ಲ, ಎಂದಳು.

ಕಲ್ಯಾಣಿ ತನ್ನ ಪಾದದಿಂದ ಶಿವಬಸಮ್ಮನ ಪಾದದವರೆಗಿನ ನೆಲವನ್ನು ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು. ಬಾಯಿಗೆ ಅಡ್ಡ ಹಿಡಿಯಲು ಹೋದ ಸೆರಗು ಕೈಯಲ್ಲೇ ಉಳಿಯಿತು.

"ಇಷ್ಟ ಏನ್ರಿ?" ಎಂದಳು. "ನಾ ಊರಿಗೆಲ್ಲ ಬರ್ತದ ಅಂತ ತಿಳಕೊಂಡಿದ್ದೆ."